ಪದ ಪರಿಚಯ: ರೇಖಾ ತೀವ್ರತಾ ನಕ್ಷೆಯ ವಿರೂಪಗಳು

ರೇಖಾ ತೀವ್ರತಾ ನಕ್ಷೆ ಎಂದರೆ ಗೆಲಾಕ್ಸಿಗಳನ್ನು ಒಂದೊಂದಾಗಿ ಎಣಿಸದೆ, ಆಕಾಶದ ಪ್ರತಿ ತುಣುಕಿನಿಂದ ಒಂದು ನಿರ್ದಿಷ್ಟ ರೋಹಿತ ರೇಖೆಯಲ್ಲಿ (ಒಂದು ಪರಮಾಣು ಅಥವಾ ಅಣು ಹೊಮ್ಮಿಸುವ ನಿಗದಿತ ತರಂಗಾಂತರದಲ್ಲಿ) ಬರುವ ಒಟ್ಟು ಬೆಳಕನ್ನು ಅಳೆದು ರಚಿಸುವ ಮೂರು ಆಯಾಮದ ನಕ್ಷೆ. ತಟಸ್ಥ ಹೈಡ್ರೋಜನ್ನಿನ 21 ಸೆಂಟಿಮೀಟರ್ ರೇಖೆ, ಕಾರ್ಬನ್ ಮೊನಾಕ್ಸೈಡಿನ ರೇಖೆಗಳು ಮತ್ತು ಅಯಾನೀಕೃತ ಇಂಗಾಲದ 158 ಮೈಕ್ರೋಮೀಟರ್ ರೇಖೆ ಇದಕ್ಕೆ ಒದಗಿಬರುತ್ತವೆ. ಎರಡು ಆಯಾಮಗಳನ್ನು ಆಕಾಶವೇ ಕೊಡುತ್ತದೆ. ಮೂರನೆಯದಾದ ದೂರವನ್ನು ಮಾತ್ರ ರೇಖೆಯ ಕೆಂಪು ಪಲ್ಲಟದಿಂದ, ಅಂದರೆ ಅದರ ತರಂಗಾಂತರ ಎಷ್ಟು ಹಿಗ್ಗಿ ಬಂದಿದೆ ಎಂಬುದರಿಂದ, ಲೆಕ್ಕಹಾಕಬೇಕು. ನಕ್ಷೆಯ ಮುಖ್ಯ ವಿರೂಪಗಳೆಲ್ಲ ಹುಟ್ಟುವುದು ಈ ಲೆಕ್ಕದಲ್ಲಿಯೇ.

ಕೆಂಪು ಪಲ್ಲಟಕ್ಕೆ ವಿಶ್ವದ ಹಿಗ್ಗುವಿಕೆಯೊಂದೇ ಕಾರಣವಲ್ಲ, ಅನಿಲದ ಸ್ವಂತ ಚಲನೆಯೂ ಅದರಲ್ಲಿ ಸೇರಿರುತ್ತದೆ. ಹೈಡ್ರೋಜನ್ ರೇಖೆಯ ಮೂಲ ಕಂಪನಾಂಕ 1420 ಮೆಗಾಹರ್ಟ್ಸ್. ಕೆಂಪು ಪಲ್ಲಟ 1 ಇರುವಲ್ಲಿಂದ ಹೊರಟದ್ದು ನಮಗೆ 710 ಮೆಗಾಹರ್ಟ್ಸ್‌ನಲ್ಲಿ ಸಿಗುತ್ತದೆ. ಅಲ್ಲಿನ ಅನಿಲ ಸೆಕೆಂಡಿಗೆ 300 ಕಿಲೋಮೀಟರ್ ವೇಗದಲ್ಲಿ ನಮ್ಮಿಂದ ಆಚೆಗೆ ಸರಿಯುತ್ತಿದ್ದರೆ ಕಂಪನಾಂಕ ಕುಗ್ಗುವುದು ಬರೀ 0.7 ಮೆಗಾಹರ್ಟ್ಸ್‌ನಷ್ಟು. ಆದರೆ ನಕ್ಷೆಯಲ್ಲಿ ಆ ಅನಿಲ ಇರುವ ಜಾಗಕ್ಕಿಂತ ಸುಮಾರು 1.6 ಕೋಟಿ ಜ್ಯೋತಿರ್ವರ್ಷ ಹಿಂದಕ್ಕೆ ಹೋಗಿ ಕೂರುತ್ತದೆ. ದಟ್ಟ ಪ್ರದೇಶದತ್ತ ಎಲ್ಲ ಕಡೆಯಿಂದಲೂ ದ್ರವ್ಯ ಬೀಳುತ್ತಿರುವುದರಿಂದ ಅಂಥ ಪ್ರದೇಶ ದೃಷ್ಟಿರೇಖೆಯ (ನಾವು ನೋಡುವ ದಿಕ್ಕಿನ) ಉದ್ದಕ್ಕೂ ಚಪ್ಪಟೆಯಾಗಿ ಕಾಣುತ್ತದೆ ಎಂಬುದನ್ನು ಖಗೋಳವಿಜ್ಞಾನಿ ನಿಕ್ ಕೈಸರ್ 1987ರಲ್ಲಿ ಗಣಿತದ ಚೌಕಟ್ಟಿಗೆ ತಂದರು. ಗೆಲಾಕ್ಸಿ ಗುಚ್ಛಗಳ ಒಳಗಿನ ಅಡ್ಡಾದಿಡ್ಡಿ ವೇಗ ಇದಕ್ಕೆ ತದ್ವಿರುದ್ಧವಾಗಿ ರಚನೆಗಳನ್ನು ನಮ್ಮ ಕಡೆಗೆ ಉದ್ದಕ್ಕೆ ಎಳೆಯುತ್ತದೆ.

ಇದನ್ನು ಬರೀ ದೋಷವೆಂದು ತಳ್ಳಿಹಾಕುವುದು ಸರಿಯಲ್ಲ. ರೇಖೆಯ ಸರಾಸರಿ ಹೊಳಪೆಷ್ಟು, ಹೊಳೆಯುವ ಅನಿಲ ದ್ರವ್ಯದ ಹಂಚಿಕೆಯನ್ನು ಎಷ್ಟು ಗಾಢವಾಗಿ ಹಿಂಬಾಲಿಸುತ್ತದೆ ಎಂಬ ಎರಡು ಅಜ್ಞಾತಗಳು ನಕ್ಷೆಯಲ್ಲಿ ಒಂದಕ್ಕೊಂದು ಗುಣಿಸಿಕೊಂಡೇ ಬರುತ್ತವೆ. ದಿಕ್ಕಿಗೆ ತಕ್ಕಂತೆ ಬದಲಾಗುವ ಈ ವಿರೂಪವೇ ಅವುಗಳನ್ನು ಬಿಡಿಸಲು ದಾರಿ ಮಾಡಿಕೊಡುತ್ತದೆ.

ಇನ್ನೊಂದು ವಿರೂಪ, ಕೆಂಪು ಪಲ್ಲಟವನ್ನು ದೂರಕ್ಕೆ ಬದಲಿಸಲು ನಾವು ಆರಿಸಿಕೊಂಡ ವಿಶ್ವಮಾದರಿಯದು. ಮಾದರಿ ತಪ್ಪಾಗಿದ್ದರೆ ಗೋಳಾಕಾರದ ರಚನೆಯೂ ಅಂಡಾಕಾರವಾಗಿ ಕಾಣುತ್ತದೆ. ಇದನ್ನೇ ಪರೀಕ್ಷೆಯಾಗಿ ಬಳಸಬಹುದೆಂದು ಖಗೋಳವಿಜ್ಞಾನಿಗಳಾದ ಆಲ್ಕಾಕ್ ಮತ್ತು ಪಚಿನ್ಸ್ಕಿ 1979ರಲ್ಲಿ ತೋರಿಸಿದರು.

ಎಲ್ಲಕ್ಕಿಂತ ತೊಡಕಿನದು ಬೇರೆ ರೇಖೆಗಳ ನುಸುಳುವಿಕೆ. ಕೆಂಪು ಪಲ್ಲಟ 6ರಿಂದ ಬರುವ ಇಂಗಾಲದ ರೇಖೆ ಸುಮಾರು 271 ಗಿಗಾಹರ್ಟ್ಸ್‌ನಲ್ಲಿ ಸಿಗುತ್ತದೆ. ಕೆಂಪು ಪಲ್ಲಟ 0.7ರಲ್ಲಿರುವ ಕಾರ್ಬನ್ ಮೊನಾಕ್ಸೈಡಿನ 461 ಗಿಗಾಹರ್ಟ್ಸ್ ರೇಖೆಯೂ ಅಲ್ಲಿಗೇ ಬಂದು ಬೀಳುತ್ತದೆ. ಬಿಡಿ ಗೆಲಾಕ್ಸಿಯಾಗಿದ್ದರೆ ಮತ್ತೊಂದು ರೇಖೆಯನ್ನು ನೋಡಿ ತೀರ್ಮಾನಿಸಬಹುದಿತ್ತು, ಒಟ್ಟು ಬೆಳಕಿನಲ್ಲಿ ಆ ಅನುಕೂಲವಿಲ್ಲ. ಆದರೂ ಹತ್ತಿರದ ಈ ಬೆಳಕನ್ನು ದೂರದ್ದೆಂದು ಎಣಿಸಿದಾಗ ರಚನೆಗಳು ಆಕಾಶದ ಅಡ್ಡಕ್ಕೆ ಮೂರು ಪಟ್ಟಿಗೂ ಹೆಚ್ಚು ಹಿಗ್ಗಿ, ದೃಷ್ಟಿರೇಖೆಯಲ್ಲಿ ಸುಮಾರು 0.6 ಪಟ್ಟಿಗೆ ಕುಗ್ಗುತ್ತವೆ. ಈ ಸೊಟ್ಟ ಆಕಾರದಿಂದಲೇ ನುಸುಳಿದ ರೇಖೆಯ ಪಾಲನ್ನು ಅಂದಾಜು ಮಾಡಲು ಸಾಧ್ಯ. ಜೊತೆಗೆ, ಅದೇ ದೂರದ ಗೆಲಾಕ್ಸಿಗಳ ಸಮೀಕ್ಷೆಯೊಂದಿಗೆ ನಕ್ಷೆಯನ್ನು ತಾಳೆ ನೋಡಿದರೆ ಎರಡರಲ್ಲೂ ಸಮಾನವಾಗಿ ಉಳಿಯುವುದು ನಿಜವಾದ ರೇಖೆಯ ಏರಿಳಿತ ಮಾತ್ರ.