ಬಡವರ ಪರ ವಾದಿಸುತ್ತಲೇ ಬದುಕು ನಡೆಸಬಹುದೇ?

ಪ್ರಶ್ನೆ: ಕಾನೂನು ಪದವಿಯ ಕೊನೆಯ ವರ್ಷದಲ್ಲಿದ್ದೇನೆ. ಶುಲ್ಕ ಕೊಡಲಾಗದವರ ಪರ ವಕಾಲತ್ತು ವಹಿಸಬೇಕೆಂಬುದು ನನ್ನ ಆಸೆ. ಅದರಿಂದ ಹೊಟ್ಟೆ ತುಂಬುವುದಿಲ್ಲ ಎಂದು ಮನೆಯವರು ಹೇಳುತ್ತಾರೆ. ನಿಜವೇ?

ಉತ್ತರ: ಹೊಟ್ಟೆ ತುಂಬುತ್ತದೆ, ಆಸ್ತಿ ಮಾಡಲಾಗದು. ಮನೆಯವರಿಗೆ ಇದನ್ನು ಮುಚ್ಚಿಡದೆ ಹೇಳಿಬಿಡಿ.

ದಾರಿಗಳು ಮುಖ್ಯವಾಗಿ ಎರಡು. ಉಚಿತ ಕಾನೂನು ನೆರವು ಒದಗಿಸುವ ಜಿಲ್ಲಾ ಕಾನೂನು ಸೇವೆಗಳ ಪ್ರಾಧಿಕಾರದ ಪ್ಯಾನೆಲ್ ವಕೀಲರಾಗಬಹುದು. ಅದಕ್ಕೆ ಸಾಮಾನ್ಯವಾಗಿ 3 ವರ್ಷದ ಅನುಭವ ಬೇಕು. ಪ್ರಕರಣಕ್ಕೆ ಇಷ್ಟೆಂದು ಪ್ರಾಧಿಕಾರವೇ ಹಣ ಕೊಡುತ್ತದೆ, ಕಕ್ಷಿದಾರರಿಂದ ಒಂದು ರೂಪಾಯಿಯನ್ನೂ ಪಡೆಯುವಂತಿಲ್ಲ. ಇನ್ನೊಂದು, 2022ರ ಯೋಜನೆಯಂತೆ ಜಿಲ್ಲೆಗಳಲ್ಲಿ ಆರಂಭವಾದ ಕಾನೂನು ನೆರವು ಅಭಿರಕ್ಷಕರ (ಆರೋಪಿಗಳ ಪರ ವಾದಿಸುವ ವಕೀಲರ) ಕಚೇರಿ. ಇಲ್ಲಿ ಕ್ರಿಮಿನಲ್ ಪ್ರಕರಣಗಳು ಮಾತ್ರ. ಸಹಾಯಕ ಹುದ್ದೆಗೆ ಹೊಸಬರನ್ನೂ ತೆಗೆದುಕೊಳ್ಳುತ್ತಾರೆ. ಗುತ್ತಿಗೆ ಕೆಲಸ, ತಿಂಗಳ ಗೌರವಧನ. ಖಾಸಗಿ ಪ್ರಕರಣ ಹಿಡಿಯುವಂತಿಲ್ಲ.

ನೀವು ಕೇಳದಿದ್ದರೂ ಕೆಲಸದ ಸ್ವರೂಪವನ್ನು ಹೇಳಲೇಬೇಕು. ಇಲ್ಲಿ ವಾಗ್ವೈಖರಿಗಿಂತ ತಾರೀಖಿನ ಲೆಕ್ಕ ಹೆಚ್ಚು ಜನರನ್ನು ಬಿಡಿಸುತ್ತದೆ. ಬಂಧನದಲ್ಲಿರುವವರ ಮೇಲೆ ಅಪರಾಧಕ್ಕೆ ತಕ್ಕಂತೆ 60 ಅಥವಾ 90 ದಿನಗಳೊಳಗೆ ದೋಷಾರೋಪಣ ಪಟ್ಟಿ ಸಲ್ಲಿಕೆಯಾಗದಿದ್ದರೆ ಜಾಮೀನು ಅವರ ಹಕ್ಕು. ಆದರೆ ಗಡುವು ಮುಗಿದ ಮೇಲೂ ಯಾರೂ ಅರ್ಜಿ ಹಾಕದೆ, ಅಷ್ಟರಲ್ಲಿ ಪಟ್ಟಿ ಬಂದುಬಿಟ್ಟರೆ ಆ ಹಕ್ಕು ಕೈತಪ್ಪುತ್ತದೆ. ಕೂಲಿಗೆ ಹೋಗಿ ಬರುವ ಹೆಂಡತಿಗೆ ಈ ಲೆಕ್ಕ ಹೇಳಿಕೊಡುವವರು ಯಾರು? ಅವಳ ಪರವಾಗಿ ದಿನ ಎಣಿಸಬೇಕಾದವರು ನೀವು.

ಜಾಮೀನು ಸಿಕ್ಕ ಮೇಲೂ ಕೆಲಸ ಮುಗಿಯುವುದಿಲ್ಲ. ಪಹಣಿ ಹಿಡಿದು ಬರುವ ಜಾಮೀನುದಾರರು ಎಲ್ಲರಿಗೂ ಇರುತ್ತಾರೆಯೇ? ಮಧ್ಯಪ್ರದೇಶದ ಮೋತಿರಾಮ್ ಎಂಬ ಗಾರೆ ಕೆಲಸಗಾರನಿಗೆ ಮ್ಯಾಜಿಸ್ಟ್ರೇಟರು 10,000 ರೂಪಾಯಿಯ ಜಾಮೀನು ಕೇಳಿದ್ದರು. ಅಣ್ಣತಮ್ಮಂದಿರಲ್ಲೊಬ್ಬ ಮುಂದೆ ಬಂದರೆ, ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಒಪ್ಪಲಿಲ್ಲ. 1978ರಲ್ಲಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಅವರ ಪೀಠ ಆ ಮೊತ್ತವನ್ನು 1,000 ರೂಪಾಯಿಗೆ ಇಳಿಸಿತು. ಮರುವರ್ಷ ವಕೀಲೆ ಕಪಿಲಾ ಹಿಂಗೋರಾಣಿ ಪತ್ರಿಕಾ ಬರಹವನ್ನೇ ಆಧಾರವಾಗಿಟ್ಟುಕೊಂಡು ಬಿಹಾರದ ವಿಚಾರಣಾಧೀನ ಕೈದಿಗಳಿಗಾಗಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ಕೈದಿಗಳಲ್ಲಿ ಕೆಲವರು, ಅಪರಾಧ ಸಾಬೀತಾಗಿದ್ದರೂ ಆಗಬಹುದಾಗಿದ್ದ ಶಿಕ್ಷೆಗಿಂತ ಹೆಚ್ಚು ಕಾಲ ಆಗಲೇ ಜೈಲಿನಲ್ಲಿ ಕಳೆದಿದ್ದರು.

ಇಂದಿಗೂ ಜಾಮೀನು ಆದೇಶವಾಗಿ 7 ದಿನವಾದರೂ ಕೈದಿ ಹೊರಬರದಿದ್ದರೆ ಜೈಲು ಅಧೀಕ್ಷಕರು ಪ್ರಾಧಿಕಾರದ ಕಾರ್ಯದರ್ಶಿಗೆ ತಿಳಿಸಬೇಕು. ಇದು 2023ರ ಸುಪ್ರೀಂ ಕೋರ್ಟ್ ನಿರ್ದೇಶನ. ಹಾಗೆ ತಿಳಿಸಿದ ಹೆಸರುಗಳ ಬೆನ್ನು ಹತ್ತುವುದೂ ಈ ವೃತ್ತಿಯೇ.

ವಕೀಲಿ ಸನ್ನದು ಸಿಗುವವರೆಗೆ ಕಾಯಬೇಕಿಲ್ಲ. ಕಾನೂನು ವಿದ್ಯಾರ್ಥಿಗಳು ಪ್ರಾಧಿಕಾರದ ಅರೆಕಾಲಿಕ ಕಾನೂನು ಸ್ವಯಂಸೇವಕರಾಗಬಹುದು. ನಿಮ್ಮ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಪ್ರಾಧಿಕಾರದ ಕಚೇರಿ ಎಲ್ಲಿದೆಯೆಂದು ಈ ವಾರವೇ ವಿಚಾರಿಸಿ.