ಕಟ್ಟೋದಾ, ಹೊಲಿಯೋದಾ? ರಕ್ತನಾಳದ ಗಾಯಕ್ಕೆ ಯುದ್ಧಗಳು ಕಲಿಸಿದ ಪಾಠ

ಹೋದ ಮಳೆಗಾಲದಲ್ಲಿ ತೀರ್ಥಹಳ್ಳಿ ಹತ್ರ ನಮ್ ತೋಟದಲ್ಲಿ ಕಳೆ ಹೊಡೆಯೋ ಮೆಷಿನ್ ಬ್ಲೇಡು ಕೆಲಸದವರೊಬ್ರ ಮೊಣಕಾಲಿನ ಹಿಂದೆ ಕಡಿದು ರಕ್ತ ಚಿಲ್ಲಂತ ಚಿಮ್ತು. ಮಿಲ್ಟ್ರೀಲಿದ್ದು ಬಂದ ನಮ್ ದೊಡ್ಡಪ್ಪ ಓಡಿಬಂದು ಪಂಚೆ ಹರಿದು ತೊಡೆಗೆ ಸುತ್ತಿ, ಅದಕ್ಕೊಂದು ಕೋಲು ಸಿಕ್ಕಿಸಿ ರಕ್ತ ನಿಲ್ಲೋವರೆಗೂ ತಿರುಚಿ, ಅವರ ಕೈ ಮೇಲೆ ಪೆನ್ನಲ್ಲಿ 9.20 ಅಂತ ಬರೆದ್ರು.

ಆ ಟೈಮಿನ ಹಿಂದೆ ದೊಡ್ಡ ಕತೆ ಇದೆ. 1552ರಲ್ಲಿ ಫ್ರೆಂಚ್ ಸೈನ್ಯದ ಸರ್ಜನ್ ಆಂಬ್ರೋಸ್ ಪಾರೆ, ಕಾಲು ಕತ್ತರಿಸಿದ ಮೇಲೆ ಕಾದ ಕಬ್ಬಿಣದಲ್ಲಿ ಸುಡೋದು ಬಿಟ್ಟು ರಕ್ತನಾಳಕ್ಕೆ ದಾರ ಕಟ್ಟಿದ. ಜೀವ ಉಳೀತು, ಆದ್ರೆ ಗಾಯ ಆದ ಕಾಲಲ್ಲಿ ದೊಡ್ಡ ನಾಳಾನೇ ಕಟ್ಟಿಬಿಟ್ರೆ ಕೆಳಗಿನ ಮಾಂಸಕ್ಕೆ ರಕ್ತ ಎಲ್ಲಿಂದ ಬರ್ಬೇಕು? ನಾಳ ಹೊಲಿಯೋ ವಿಧಾನ ತೋರಿಸಿದ್ದಕ್ಕೆ ಅಲೆಕ್ಸಿಸ್ ಕ್ಯಾರೆಲ್‌ಗೆ 1912ರಲ್ಲೇ ನೊಬೆಲ್ ಸಿಕ್ಕಿತ್ತು, ಆದ್ರೂ ಎರಡನೇ ಮಹಾಯುದ್ಧದಲ್ಲಿ ಗಾಯಾಳುಗಳು ಗಂಟೆಗಟ್ಟಲೆ ತಡವಾಗಿ ಬರ್ತಿದ್ರು, ಅಷ್ಟೊತ್ತಿಗೆ ಹೊಲಿಯೋಕೆ ಏನೂ ಉಳಿದಿರ್ತಿರಲಿಲ್ಲ. 1946ರಲ್ಲಿ ಡಿಬೇಕಿ, ಸಿಮಿಯೋನ್ ಅನ್ನೋ ಡಾಕ್ಟರುಗಳು ಅಮೆರಿಕ ಸೈನ್ಯದಲ್ಲಿ ರಕ್ತನಾಳಕ್ಕೆ ಗಾಯ ಆದ 2,471 ಕೇಸಿನ ಲೆಕ್ಕ ಕೊಟ್ರು. ಹೊಲಿದಿದ್ದು ಬರೀ 81, ನಾಳ ಕಟ್ಟಿಬಿಟ್ಟವರಲ್ಲಿ ಹೆಚ್ಚುಕಮ್ಮಿ ಅರ್ಧದಷ್ಟು ಜನಕ್ಕೆ ಕೈಯೋ ಕಾಲೋ ಹೋಗಿತ್ತು. ಈ ಲೆಕ್ಕ ಓದ್ದಾಗೆಲ್ಲ ಸಂಕಟ ಆಗುತ್ತೆ.

ಕೊರಿಯಾ ಯುದ್ಧದಲ್ಲಿ ಹೆಲಿಕಾಪ್ಟರ್ ಬಂತು, ಆಪರೇಷನ್ ಟೆಂಟೇ ಯುದ್ಧದ ಹತ್ರಕ್ಕೆ ಬಂತು, ಹೊಲಿಯೋಕೆ ಶುರು ಮಾಡಿದ್ರು, ಅಂಗ ಕಳ್ಕೊಳ್ಳೋರು 13%ಗೆ ಇಳಿದ್ರು. ನಾಳದ ತುಂಡೇ ಹಾಳಾಗಿದ್ರೆ ಇನ್ನೊಂದು ಕಾಲಿನ ಸಿರೆ (ರಕ್ತ ಹೃದಯಕ್ಕೆ ವಾಪಸ್ ಒಯ್ಯೋ ನಾಳ) ತೆಗೆದು ತಿರುಗಾಮುರುಗಾ ಮಾಡಿ ಜೋಡಿಸ್ತಾರೆ, ಯಾಕಂದ್ರೆ ಸಿರೆಯೊಳಗೆ ಒಂದೇ ದಿಕ್ಕಿಗೆ ತೆರೆಯೋ ಕವಾಟ ಇರುತ್ತೆ, ಹಾಗೇ ಇಟ್ರೆ ಅದೇ ರಕ್ತಕ್ಕೆ ಅಡ್ಡ. ರಕ್ತ ವಾಪಸ್ ಹರಿದ ಮೇಲೆ ಸ್ನಾಯು ಊದ್ಕೊಂಡು ಮತ್ತೆ ನಾಳ ಒತ್ತಬಾರದು ಅಂತ ಅದರ ಹೊದಿಕೇನೂ ಉದ್ದಕ್ಕೆ ಸೀಳಿ ಬಿಡ್ತಾರೆ. ಇಷ್ಟಾದ್ರೂ ಮೊಣಕಾಲ ಹಿಂದಿನ ನಾಳ ಮಾತ್ರ ಹಠಮಾರಿ, ವಿಯೆಟ್ನಾಂನಲ್ಲೂ ಸುಮಾರು 30% ಕಾಲು ಹೋದ್ವು.

ಬಿಗಿಯಾಗಿ ಪಟ್ಟಿ ಕಟ್ಟಿದ್ರೆ ಕಾಲು ಸಾಯುತ್ತೆ ಅನ್ನೋ ಭಯ ಬಹಳ ಕಾಲ ಇತ್ತು. ಇರಾಕ್ ಯುದ್ಧದಲ್ಲಿ ಅದು ಬದಲಾಯ್ತು. ಶಾಕ್‌ಗೆ ಹೋಗೋ ಮುಂಚೆ, ಅಂದ್ರೆ ರಕ್ತ ಹೋಗಿ ಬಿಪಿ ಕುಸಿಯೋ ಮುಂಚೆ, ಕಟ್ಟಿಸ್ಕೊಂಡವರೇ ಹೆಚ್ಚು ಬದುಕಿದ್ರು, ಎರಡು ಗಂಟೆಯೊಳಗೆ ಬಿಚ್ಚಿದ್ರೆ ಸಾಮಾನ್ಯವಾಗಿ ತೊಂದ್ರೆ ಆಗಲ್ಲ. ಆರು ಗಂಟೆ ರಕ್ತ ಇಲ್ದಿದ್ರೆ ಸ್ನಾಯು ಉಳಿಯೋದು ಕಷ್ಟ. ಅದಕ್ಕೇ ಮಲೆನಾಡಿನವರಿಗೆ ಇದು ದೂರದ ಯುದ್ಧದ ವಿಷಯ ಅಲ್ಲ, ಮಳೇಲಿ ಆಗುಂಬೆ ಘಾಟಿ ಇಳಿಯೋಕೆ, ಇಲ್ಲಾ ಶಿವಮೊಗ್ಗಕ್ಕೆ ಹೋಗೋಕೆ ಎಷ್ಟೊತ್ತು ಬೇಕು ನಮಗೆ ಗೊತ್ತಲ್ವಾ. ಅವತ್ತು ಆಸ್ಪತ್ರೆ ಬಾಗಿಲಲ್ಲಿ ಡಾಕ್ಟರು ಹೆಸರು ಕೇಳೋ ಮುಂಚೆ ಕೇಳಿದ್ದು "ಕಟ್ಟಿ ಎಷ್ಟೊತ್ತಾಯ್ತು?" ಅಂತ, ದೊಡ್ಡಪ್ಪ ಸುಮ್ನೆ ಅವರ ಕೈ ತಿರುಗಿಸಿ ತೋರಿಸಿದ್ರು.