ಸರ್ಪಸುತ್ತಿನ ಲಸಿಕೆ ಹಾಕಿದ ರಾತ್ರಿ ಚಳಿಜ್ವರ ಯಾಕೆ?

ಮಂಗಳೂರಿನ ನನ್ನ ಕ್ಲಿನಿಕ್‌ನಲ್ಲಿ ಸರ್ಪಸುತ್ತಿನ ಲಸಿಕೆ ಹಾಕಿಸಿಕೊಂಡ ಹಿರಿಯರು ಮರುದಿನ ಫೋನ್ ಮಾಡುವುದು ಮಾಮೂಲು. "ಡಾಕ್ಟ್ರೇ, ಕೈ ಎತ್ತಲಿಕ್ಕೇ ಆಗುವುದಿಲ್ಲ. ರಾತ್ರಿ ಚಳಿಜ್ವರ ಬೇರೆ. ಎರಡನೇ ಡೋಸ್ ಬೇಡ ಮಾರಾಯ್ರೆ."

ಅದು ವೈರಸ್ ತಂದ ಜ್ವರ ಅಲ್ಲ. ಈ ಹೊಸ ಲಸಿಕೆಯಲ್ಲಿ ವೈರಸ್ಸೇ ಇಲ್ಲ. ಅದರ ಹೊರಮೈಯ ಒಂದು ಪ್ರೋಟೀನ್ ಇದೆ, ಜೊತೆಗೆ ಅಡ್ಜುವೆಂಟ್ ಇದೆ. ಬರೀ ಪ್ರೋಟೀನ್ ಚುಚ್ಚಿದರೆ ದೇಹ ಅಷ್ಟಾಗಿ ಗಮನ ಕೊಡುವುದಿಲ್ಲ. ಅಪಾಯದ ಸುಳಿವು ಸಿಗಬೇಕು. ಅದನ್ನು ಕೊಡುವುದೇ ಅಡ್ಜುವೆಂಟ್. ದಡಾರದ ಲಸಿಕೆಗೆ ಇದು ಬೇಡ. ಅದರೊಳಗಿನ ದುರ್ಬಲಗೊಳಿಸಿದ ಜೀವಂತ ವೈರಸ್ಸೇ ಆ ಕೆಲಸ ಮಾಡುತ್ತದೆ.

ಹಳೆಯ ಅಡ್ಜುವೆಂಟ್ ಅಂದರೆ ಅಲ್ಯೂಮಿನಿಯಂ ಲವಣ. 1926ರಲ್ಲಿ ಬ್ರಿಟನ್ನಿನ ಅಲೆಕ್ಸಾಂಡರ್ ಗ್ಲೆನಿ ಮತ್ತು ಸಂಗಡಿಗರು ಅದರ ಗುಣ ತೋರಿಸಿದರು. ನಮ್ಮ ನರ್ಸಿಂಗ್ ವಿದ್ಯಾರ್ಥಿಗಳು ಹಾಕಿಸಿಕೊಳ್ಳುವ ಹೆಪಟೈಟಿಸ್ ಬಿ ಲಸಿಕೆಯಲ್ಲಿ ಸಾಮಾನ್ಯವಾಗಿ ಇವತ್ತಿಗೂ ಅದೇ ಇರುತ್ತದೆ. ಅದು ಪ್ರತಿಕಾಯಗಳನ್ನು ಚೆನ್ನಾಗಿ ಏರಿಸುತ್ತದೆ. ಟಿ ಕೋಶಗಳ, ಅಂದರೆ ವೈರಸ್ ಹೊಕ್ಕ ಕೋಶಗಳನ್ನು ಗುರುತಿಸಿ ಹೊಡೆಯುವ ಬಿಳಿ ರಕ್ತಕಣಗಳ, ವಿಷಯದಲ್ಲಿ ಮಾತ್ರ ಸ್ವಲ್ಪ ಹಿಂದೆ.

ಸರ್ಪಸುತ್ತಿಗೆ ಬೇಕಾಗಿರುವುದು ಆ ಟಿ ಕೋಶಗಳೇ. ಚಿಕ್ಕಂದಿನಲ್ಲಿ ಚಿಕನ್‌ಪಾಕ್ಸ್ ತಂದ ವೈರಸ್ ನರದ ಗಂಟುಗಳಲ್ಲಿ ಅಡಗಿ ಕೂತಿರುತ್ತದೆ. ಅದನ್ನು ಹದ್ದುಬಸ್ತಿನಲ್ಲಿಡುವುದು ಮುಖ್ಯವಾಗಿ ಟಿ ಕೋಶಗಳು. ವಯಸ್ಸಾದಂತೆ ಅವುಗಳ ಬಲ ಕುಗ್ಗುತ್ತದೆ, ಆಗ ಅದೇ ವೈರಸ್ ಮತ್ತೆ ಎದ್ದು ಸರ್ಪಸುತ್ತು ತರುತ್ತದೆ. ಹಾಗಾಗಿ ಇದಕ್ಕೆ ಎಎಸ್01ಬಿ ಎಂಬ ಬೇರೆಯೇ ಅಡ್ಜುವೆಂಟ್ ಹಾಕಿದರು. ಅದರಲ್ಲಿ ಎರಡು ಮುಖ್ಯ ವಸ್ತುಗಳಿವೆ. ಒಂದು, ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾದ ಹೊರಪದರದ ಕೊಬ್ಬಿನಂಶ, ವಿಷದ ಗುಣ ತೆಗೆದದ್ದು. ಇನ್ನೊಂದು, ಚಿಲಿ ದೇಶದ ಮರವೊಂದರ ತೊಗಟೆಯ ಸಪೋನಿನ್. ನಮ್ಮ ಅಂಟುವಾಳದಲ್ಲಿ ನೊರೆ ಬರಿಸುವುದೂ ಸಪೋನಿನ್ನೇ. ಇವೆರಡೂ ಸೇರಿ ಚುಚ್ಚಿದ ಜಾಗದ ಕೋಶಗಳನ್ನು ಎಬ್ಬಿಸುತ್ತವೆ, ಹತ್ತಿರದ ದುಗ್ಧಗ್ರಂಥಿಯ (ಲಿಂಫ್ ನೋಡ್) ಕೋಶಗಳನ್ನೂ ಎಬ್ಬಿಸುತ್ತವೆ. ಆ ಕೋಶಗಳು ಪ್ರೋಟೀನಿನ ತುಣುಕುಗಳನ್ನು ಟಿ ಕೋಶಗಳಿಗೆ ತೋರಿಸುತ್ತವೆ. ಆಗ ಹೊರಬರುವ ರಾಸಾಯನಿಕಗಳಿಂದಲೇ ಕೈ ನೋವು, ಮೈಕೈ ನೋವು, ಚಳಿ.

ಪರೀಕ್ಷೆಗಳಲ್ಲಿ 70 ದಾಟಿದವರಿಗೂ ಸುಮಾರು ಶೇ. 90ರಷ್ಟು ರಕ್ಷಣೆ ಸಿಕ್ಕಿತು. ಹಿಂದಿನ ಜೀವಂತ ಲಸಿಕೆಗೆ ಅದರ ಪರೀಕ್ಷೆಯಲ್ಲಿ ಇದೇ ವಯಸ್ಸಿನವರಲ್ಲಿ ಸಿಕ್ಕಿದ್ದು ಶೇ. 38 ಮಾತ್ರ. ಸರ್ಪಸುತ್ತು ವಾಸಿಯಾದ ಮೇಲೂ ತಿಂಗಳುಗಟ್ಟಲೆ ಉರಿಯುವ ನರದ ನೋವು ಕಂಡವರಿಗೆ ಈ ವ್ಯತ್ಯಾಸ ದೊಡ್ಡದು. ಅದಕ್ಕೇ ನಾನು ಎರಡನೇ ಡೋಸ್ ಬಿಡಬೇಡಿ ಎಂದು ಇಷ್ಟು ಒತ್ತಾಯ ಮಾಡುವುದು.

ನೋವೇ ಬರಲಿಲ್ಲ ಅಂದರೆ ಲಸಿಕೆ ಹಿಡಿಯಲಿಲ್ಲ ಎಂದಲ್ಲ. ಈ ತೊಂದರೆ ಸಾಮಾನ್ಯವಾಗಿ ಎರಡು ಮೂರು ದಿನದಲ್ಲಿ ಇಳಿಯುತ್ತದೆ. ಉಸಿರಾಟದ ತೊಂದರೆ ಆದರೆ, ಮುಖ ಊದಿಕೊಂಡರೆ ಮಾತ್ರ ಕೂಡಲೇ ಆಸ್ಪತ್ರೆಗೆ ಬನ್ನಿ. ಎರಡನೇ ಡೋಸ್‌ಗೆ ಎರಡರಿಂದ ಆರು ತಿಂಗಳ ಅವಕಾಶ ಇದೆ, ಅಲ್ವಾ? ಮರುದಿನ ಮದುವೆಯೋ ಕೋಲವೋ ಇಲ್ಲದ ದಿನ ನೋಡಿಕೊಂಡು ಬನ್ನಿ.